ಬೆನ್ನುನೋವಿನ ಪಿಸ್ತೂಲು

ಅವನು ಟ್ರಿಗರ್ ಎಳೆದೇಬಿಟ್ಟ!

ಟಿಕ್!

ಅಷ್ಟೇ ಸದ್ದು. ಗುಂಡು ಹಾರಲಿಲ್ಲ. ಪಿಸ್ತೂಲಿನ ಬಾಯಿ ನನ್ನ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿತ್ತು. ಬೆನ್ನ ಹಿಂದೆ ಊರಿಗೆ ಹೋಗಬೇಕಾದ ರಟ್ಟಿನ ಪೆಟ್ಟಿಗೆಗಳ ಗೋಡೆ. ಹಿಂದೆ ಸರಿಯಲು ಜಾಗವೇ ಇರಲಿಲ್ಲ.

ಎರಡನೆಯ ಸಲ ಎಳೆಯಲು ನಾನು ಬಿಡಲಿಲ್ಲ. ಎಡಗೈಯಲ್ಲಿ ಅವನ ಮಣಿಕಟ್ಟು ತಿರುಚಿದೆ. ಬಲಗೈಯಲ್ಲಿ ಕೆನ್ನೆಗೊಂದು ಬಾರಿಸಿದೆ. ಪಿಸ್ತೂಲು ನನ್ನ ಕೈಗೆ ಬಂತು. ಅವನು ಪ್ಯಾಕಿಂಗ್ ಟೇಪಿನ ರಾಶಿಯ ಮೇಲೆ ಕುಸಿದು ಅಳತೊಡಗಿದ.

ಸಾಯಲಿಲ್ಲವೆಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು!

ನನ್ನ ಹೆಸರು ಲಾನ್ಸೆಲೊಟ್. ಶಿರ್ವದವನು. ಇಪ್ಪತ್ತು ವರ್ಷ ಸೇನೆಯಲ್ಲಿ ಬಂದೂಕು ರಿಪೇರಿ ಮಾಡಿದೆ. ಹನ್ನೊಂದು ವರ್ಷದಿಂದ ಬಹರೈನ್‌ನಲ್ಲಿ ಮನುಷ್ಯರ ರಿಪೇರಿ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಮಾಲೀಕ, ಓಡಿಹೋದ ಅಡುಗೆಯವನು, ಸಿಪಿಆರ್ ಎಂಬ ಇಲ್ಲಿನ ಗುರುತಿನ ಕಾರ್ಡು ಕಳೆದುಕೊಂಡ ನರ್ಸು... ನಮ್ಮ ಕರಾವಳಿಯವರಿಗೆ ಏನೇ ತಾಪತ್ರಯವಾದರೂ ಫೋನು ಬರುವುದು ನನಗೆ. ಕೆಲಸ ಮಾಡಿಕೊಡುತ್ತೇನೆ. ಜೊತೆಗೆ ಬೈಗುಳ ಫ್ರೀ.

ಟೇಪಿನ ಮೇಲೆ ಕುಳಿತು ಅಳುತ್ತಿದ್ದವನು ನಿಝಾಮುದ್ದೀನ್. ವಯಸ್ಸು ಮೂವತ್ತನಾಲ್ಕು. ಉಚ್ಚಿಲದವನು. ಮನಾಮಾದ ಹಳೇ ಪೇಟೆ ಸೂಕಿನ ಹಿಂದಿನ ಗಲ್ಲಿಯಲ್ಲಿ ಕಾರ್ಗೋ ಅಂಗಡಿ ಇಟ್ಟುಕೊಂಡು, ನಮ್ಮವರು ಊರಿಗೆ ಕಳಿಸುವ ಕಂಬಳಿ, ಖರ್ಜೂರ, ಹಾಲಿನ ಪುಡಿಯನ್ನು ಮನೆ ಬಾಗಿಲಿಗೆ ಮುಟ್ಟಿಸುವ ಸಭ್ಯಸ್ಥ. ಇರುವೆಯನ್ನು ಕೂಡ ದಾಟಿಕೊಂಡು ಹೋಗುವ ಜಾತಿ!

ಅಂಥವನ ಸೊಂಟದಲ್ಲಿ ಪಿಸ್ತೂಲು!

ನಾನು ಅವನನ್ನು ಹುಡುಕಿಕೊಂಡು ಹೋದದ್ದು ಪಿಸ್ತೂಲಿಗಾಗಿ ಅಲ್ಲ. ಒಂದು ದಿನ ಮುಂಚೆ, ಗುರುವಾರ, ಹೂರಾದ ನನ್ನ ಆಫೀಸಿಗೆ ಅವನ ಹೆಂಡತಿ ಮುಹ್ಸಿನಾ ಬಂದಿದ್ದಳು. ಆಫೀಸು ಅಂದರೆ ಲಾಂಡ್ರಿಯ ಮೇಲಿನ ಒಂದು ಕೋಣೆ, ಎರಡು ಕುರ್ಚಿ, ಕೆಟ್ಟುಹೋದ ಎಸಿ. ಅವಳು ಕುಳಿತುಕೊಳ್ಳಲೇ ಇಲ್ಲ.

"ಅವರಿಗೆ ಬೇರೆ ಹೆಂಗಸು ಉಂಟು ಸರ್."

"ನೋಡಿದ್ದೀರಾ?"

"ನೋಡ್ಬೇಕಂತ ಎಂತ ಉಂಟು? ಗೊತ್ತಾಗ್ತದೆ. ಮೊದ್ಲು ಅಂಗಡಿಯಿಂದ ಬಂದ ಕೂಡ್ಲೇ ಮಗಳು ಝುಲ್ಫಾ ಓಡಿ ಹೋಗಿ ಅಪ್ಪಿಕೊಳ್ತಿದ್ದಳು. ಈಗ ದೂಡ್ತಾರೆ ಸರ್! ಏಳು ವರ್ಷದ ಮಗು... ಹತ್ರ ಬರ್ಬೇಡ ಅಂತಾರೆ. ಸೀದಾ ರೂಮಿಗೆ ಹೋಗಿ ಬಾಗಿಲು ಹಾಕ್ತಾರೆ. ಹತ್ತು ನಿಮಿಷ ಆದ್ಮೇಲೆ ಬಟ್ಟೆ ಬದಲಿಸಿ ಬಂದು ಅದೇ ಮಗುವನ್ನು ಎತ್ತಿಕೊಂಡು ಅಳ್ತಾರೆ."

"ಎಷ್ಟು ಸಮಯದಿಂದ?"

"ಎರಡು ತಿಂಗಳು."

ಬೇರೆ ಹೆಂಗಸಿರುವವನು ಹೆಂಡತಿಯಿಂದ ದೂರ ನಿಲ್ಲುತ್ತಾನೆ. ಮಗಳನ್ನು ಯಾಕೆ ದೂಡುತ್ತಾನೆ? ನನಗೆ ಆಗಲೇ ಏನೋ ಸರಿ ಕಾಣಲಿಲ್ಲ.

ಮರುದಿನ ಶುಕ್ರವಾರ. ಮಧ್ಯಾಹ್ನದ ನಮಾಝ್ ಮುಗಿಯುವ ಹೊತ್ತಿಗೆ ಅವನು ಹೋಗುವ ಮಸೀದಿಯ ಪಕ್ಕದ ಚಹಾ ಅಂಗಡಿಯಲ್ಲಿ ಹೋಗಿ ಕುಳಿತೆ. ಆ ಅಂಗಡಿಯ ಅಬ್ದುಲ್ ಲತೀಫ್ ಕಾಕನಿಗೆ ಗೊತ್ತಿಲ್ಲದ ಉಚ್ಚಿಲದವನಿಲ್ಲ. ನಿಝಾಮುದ್ದೀನನ ವಿಷಯ ಎತ್ತಿದೆ.

"ಪಾಪ, ಒಳ್ಳೆ ಹುಡುಗ," ಎಂದರು ಕಾಕ. "ಆದ್ರೆ ಈ ಪ್ರಾಯಕ್ಕೇ ಬೆನ್ನು ಹೋಯ್ತು ಅವನದ್ದು."

"ಬೆನ್ನಿಗೆ ಎಂತಾಯ್ತು?"

"ಡಿಸ್ಕ್ ಅಂತೆ. ಎರಡು ತಿಂಗಳಾಯ್ತು, ಹಿಂದಿನ ಸಾಲಲ್ಲಿ ನಮ್ಮ ಮುದುಕರ ಜೊತೆ ಕುರ್ಚಿಯಲ್ಲಿ ಕೂತು ನಮಾಝ್ ಮಾಡ್ತಾನೆ. ಬಗ್ಗಲಿಕ್ಕೆ ಆಗೂದಿಲ್ಲ ಅಂತಾನೆ. ಸುಜೂದಿಗೆ ನೆಲಕ್ಕೆ ಹಣೆ ತಾಗಿಸ್ಲಿಕ್ಕೆ ಆಗದಿದ್ರೆ ಮತ್ತೆ ಎಂತ ಮಾಡೂದು?"

ಎರಡು ತಿಂಗಳು. ಮಗಳನ್ನು ದೂಡುವುದೂ ಎರಡು ತಿಂಗಳು.

ಸಂಜೆ ನಾಲ್ಕಕ್ಕೆ ಅವನ ಅಂಗಡಿ ತೆರೆಯಿತು. ರಸ್ತೆಯ ಈಚೆ ಕಾರಿನಲ್ಲಿ ಕುಳಿತು ನೋಡಿದೆ. ಯಾರೋ ಗಿರಾಕಿ ಒಂದು ದೊಡ್ಡ ಪೆಟ್ಟಿಗೆ ತಂದಿದ್ದ. ನಿಝಾಮುದ್ದೀನ್ ಎರಡೂ ಕೈಯಲ್ಲಿ ಅದನ್ನು ಎತ್ತಿ ತಕ್ಕಡಿಯ ಮೇಲಿಟ್ಟ. ತಕ್ಕಡಿಯ ಕೆಂಪು ಅಂಕಿ ನನಗೂ ಕಾಣುತ್ತಿತ್ತು. ಮೂವತ್ತೆಂಟು ಕಿಲೋ!

ಬೆನ್ನುನೋವಿನವನು!

ಇಪ್ಪತ್ತು ವರ್ಷ ಆಯುಧಗಳ ಮಧ್ಯೆ ಇದ್ದವನಿಗೆ ಮುಂದಿನದು ಯಾರೂ ಹೇಳಿಕೊಡಬೇಕಾಗಿಲ್ಲ. ಸೊಂಟದ ಹಿಂದೆ ಪಿಸ್ತೂಲು ಸಿಕ್ಕಿಸಿಕೊಂಡರೆ ಸುಜೂದಿಗೆ ಬಗ್ಗಿದಾಗ ಅಂಗಿ ಮೇಲೇಳುತ್ತದೆ, ಹಿಂದಿನ ಸಾಲಿನವನಿಗೆ ಕಾಣುತ್ತದೆ. ಮುಂದೆ ಸಿಕ್ಕಿಸಿಕೊಂಡರೆ ಹೊಟ್ಟೆಗೆ ಒತ್ತುತ್ತದೆ, ಬಗ್ಗಲಾಗುವುದಿಲ್ಲ. ಹಾಗಾಗಿ ಕುರ್ಚಿ. ಮಗಳು ಓಡಿ ಬಂದು ಅಪ್ಪಿಕೊಂಡರೆ ಅವಳ ಹಣೆ ಸರಿಯಾಗಿ ತಾಗುವುದೂ ಅಲ್ಲಿಗೇ.

ಅಂಗಡಿಯೊಳಗೆ ಹೋದೆ. ಅವನನ್ನು ಹಿಂದಿನ ಗೋದಾಮಿಗೆ ಕರೆದೆ. ನಗುತ್ತಲೇ ಕೇಳಿದೆ.

"ಬೆನ್ನುನೋವು ಎಲ್ಲಿ ಮಾರಾಯ? ಹೊಟ್ಟೆಯ ಹತ್ರವಾ?"

ನಾನು ಮಾಡಿದ ತಪ್ಪು ಅದು. ನನ್ನ ಹೆಸರು ಅವನಿಗೆ ಗೊತ್ತಿತ್ತು, ಅವನು ಹೆದರುತ್ತಿದ್ದ ಮನುಷ್ಯನದ್ದೂ ನನ್ನ ಹಾಗೆ ಕ್ರಿಸ್ತರ ಹೆಸರು. ಹೆದರಿದವನಿಗೆ ಒಂದು ಹೆಸರು ಸಾಕಲ್ಲ... ಮುಖ ಬಿಳಿಚಿಕೊಂಡಿತು. ಅಂಗಿ ಎತ್ತಿದ.

"ನೀನು ಅವನ ಜನ! ಮ್ಯಾಕ್ಸಿಮನ ಜನ ನೀನು!"

ಟಿಕ್! ಆಮೇಲಿನದನ್ನು ಮೊದಲೇ ಹೇಳಿದ್ದೇನೆ.

"ಯಾರಯ್ಯಾ ಮ್ಯಾಕ್ಸಿಮ್?" ಎಂದು ಗದರಿದೆ. "ನಾನು ನಿನ್ನ ಹೆಂಡತಿ ಕಳಿಸಿದ ಜನ!"

ಅವನು ಬಾಯಿ ಬಿಟ್ಟುಕೊಂಡು ನೋಡಿದ.

"ಮುಹ್ಸಿನಾ...? ಅವಳಿಗೆ ಗೊತ್ತುಂಟಾ?"

"ನಿನಗೆ ಬೇರೆ ಹೆಂಗಸು ಉಂಟು ಅಂತ ತಿಳ್ಕೊಂಡಿದ್ದಾಳೆ. ಇದಕ್ಕಿಂತ ಅದೇ ವಾಸಿಯಿತ್ತು! ಈ ದೇಶದಲ್ಲಿ ಇದನ್ನು ಇಟ್ಟುಕೊಂಡು ಸಿಕ್ಕಿಬಿದ್ದರೆ ಎಂತಾಗ್ತದೆ ಗೊತ್ತುಂಟಾ ನಿನಗೆ?"

ಮ್ಯಾಗಜೀನ್ ಕಳಚಿದೆ. ಏಳು ಗುಂಡು ಹಿಡಿಯುವ ತೆಳ್ಳನೆಯ ಪಿಸ್ತೂಲು. ಅಂಗೈಗಿಂತ ಸ್ವಲ್ಪ ದೊಡ್ಡದು. ನಳಿಗೆಯಲ್ಲಿದ್ದ ಗುಂಡನ್ನು ಹೊರಗೆ ತೆಗೆದು ನೋಡಿದೆ. ಗುಂಡಿನ ಬೆನ್ನ ಮೇಲೆ ಗೀರು ಕೂಡ ಇಲ್ಲ! ಸ್ಲೈಡ್ ಬಿಚ್ಚಿ ಬೆಳಕಿಗೆ ಹಿಡಿದೆ. ಗುಂಡಿಗೆ ಹೊಡೆಯಬೇಕಾದ ಪಿನ್ನಿನ ತುದಿಯನ್ನು ಯಾರೋ ಅರದಿಂದ ನೀಟಾಗಿ ಉಜ್ಜಿ ತೆಗೆದಿದ್ದರು.

ಆ ಪಿನ್ನನ್ನು ಅವನ ಮೂಗಿನ ಮುಂದೆ ಹಿಡಿದೆ.

"ನಿಝಾಮ್, ಇದನ್ನು ಯಾವಾಗಾದ್ರೂ ಹೊಡೆದು ನೋಡಿದ್ದೀಯಾ?"

"ಎಲ್ಲಿ ಹೊಡೀಲಿ ಸರ್? ಈ ಊರಲ್ಲಿ?"

"ಇದು ಹಾರುವುದಿಲ್ಲ. ಯಾವತ್ತೂ ಹಾರ್ತಿರಲಿಲ್ಲ. ನಿನ್ನನ್ನು ಜೈಲಿಗೆ ಹಾಕ್ಲಿಕ್ಕೆ ಮಾತ್ರ ಇದು ಪಿಸ್ತೂಲು. ಈಗ ಬೊಗಳು... ಮ್ಯಾಕ್ಸಿಮ್ ಯಾರು?"

ಬೊಗಳಿದ. ಎಲ್ಲವನ್ನೂ.

ಮ್ಯಾಕ್ಸಿಮ್ ಮಂಗಳೂರು ಕಡೆಯವನೇ. ನನ್ನ ಹಾಗೆ ಕೊಂಕಣಿ ಮಾತಾಡುವವನು. ಅಂಗಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಹಾಕಿಕೊಡುವುದು ಅವನ ಕಸುಬು. ನಿಝಾಮನ ಅಂಗಡಿಗೂ ಅವನೇ ಹಾಕಿದ್ದು. ಕ್ಯಾಮೆರಾ ಹಾಕುತ್ತಾ ಚಹಾ ಕುಡಿಯುತ್ತಾ ಸಂಸಾರದ ಸುದ್ದಿಯೆಲ್ಲ ಕೇಳಿಕೊಂಡ. ಹೆಂಡತಿ ಎಲ್ಲಿ, ಮಗಳ ಶಾಲೆ ಯಾವುದು...

ಒಂದು ತಿಂಗಳ ನಂತರ ಫೋನುಗಳು ಶುರುವಾದವು. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ದನಿ. ಹಿಂದಿಯಲ್ಲಿ ಮಾತು. "ನಿನ್ನ ಮಗಳ ಸ್ಕೂಲ್ ಬ್ಯಾಗು ಗುಲಾಬಿ ಬಣ್ಣದ್ದು, ಅಲ್ವಾ?" ಅಷ್ಟೇ. ಬೇಡಿಕೆ ಇಲ್ಲ, ಬೆದರಿಕೆ ಇಲ್ಲ. ಮಾರನೆಯ ದಿನ ಮತ್ತೆ. "ಇವತ್ತು ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ಲು." ನಿಝಾಮ್ ನಿದ್ದೆ ಬಿಟ್ಟ. ಯಾರಿಗೂ ಹೇಳಲಿಲ್ಲ. ಕ್ಯಾಮೆರಾ ನೋಡಲು ಬಂದ ಮ್ಯಾಕ್ಸಿಮ್‌ಗೆ ಮಾತ್ರ ಹೇಳಿಕೊಂಡ!

"ಅವನು ಎಂತ ಹೇಳಿದ?"

"ಪೊಲೀಸಿಗೆ ಹೋದ್ರೆ ವೀಸಾದ ತಲೆನೋವು ಶುರುವಾಗ್ತದೆ. ಒಂದು ಸಣ್ಣದು ಇಟ್ಕೊ ಭಾಯಿ... ದಿನಾ ಜೊತೆಗಿರ್ಲಿ ಅಂದ. ಯೂಟ್ಯೂಬಲ್ಲಿ ನೋಡು, ಅಮೆರಿಕದಲ್ಲಿ ಅಂಗಡಿಯವರೆಲ್ಲ ಇಟ್ಕೊಳ್ತಾರೆ ಅಂದ."

ಇವನು ನೋಡಿದ. ಒಂದಲ್ಲ, ನಲವತ್ತು ವೀಡಿಯೊ! ಗಡ್ಡ ಬಿಟ್ಟವರು, ಕ್ಯಾಪು ಹಾಕಿದವರು, ಟೇಬಲಿನ ಮೇಲೆ ಪಿಸ್ತೂಲು ಹರಡಿಕೊಂಡು ಮೊಬೈಲ್ ಫೋನಿನ ಹಾಗೆ ರಿವ್ಯೂ ಮಾಡುವವರು. ತೂಕ ಎಷ್ಟು, ದಪ್ಪ ಎಷ್ಟು, ಅಂಗಿಯ ಮೇಲೆ ಉಬ್ಬು ಕಾಣುತ್ತದೋ ಇಲ್ಲವೋ. ನಮ್ಮ ಕಾರ್ಗೋದವನು ಎಲ್ಲವನ್ನೂ ಬಾಯಿಪಾಠ ಮಾಡಿದ. ಆ ಗಡ್ಡದವರು ಎಲ್ಲ ಹೇಳಿದ್ದರು. ಸುಜೂದಿನ ಬಗ್ಗೆ ಮಾತ್ರ ಒಬ್ಬನೂ ಹೇಳಿರಲಿಲ್ಲ.

ಆಮೇಲೆ ಹೂರಾದ ಒಂದು ಫ್ಲಾಟು. ಹೂವಿನ ಚಿತ್ರದ ಬೆಡ್‌ಶೀಟಿನ ಮೇಲೆ ಮೂರು ಪಿಸ್ತೂಲು. ಸೀರೆ ಅಂಗಡಿಯಲ್ಲಿ ತೋರಿಸಿದ ಹಾಗೆ ಮ್ಯಾಕ್ಸಿಮ್ ತೋರಿಸಿದನಂತೆ.

"ಒಂದು ರಿವಾಲ್ವರ್ ಇತ್ತು ಸರ್, ಐದು ಗುಂಡಿನದ್ದು. ಕೆಡೂದಿಲ್ಲ ಅಂತಾರೆ. ಆದ್ರೆ ನಡು ದಪ್ಪ, ಅಂಗಿಯಲ್ಲಿ ಎದ್ದು ಕಾಣ್ತದೆ. ಇನ್ನೊಂದು ಹದಿನೈದು ಗುಂಡಿನದ್ದು, ಭಾರಕ್ಕೆ ಪ್ಯಾಂಟೇ ಜಾರ್ತದೆ. ಇದು ತೆಳು. ಐನೂರು ಗ್ರಾಂ ಒಳಗೆ. ಇಲ್ಲಿನ ಸೆಖೆಗೆ ಕೋಟು ಹಾಕ್ಲಿಕ್ಕೆ ಆಗೂದಿಲ್ಲ ಅಲ್ವಾ, ಬರೀ ಅಂಗಿಯೊಳಗೆ ನಿಲ್ಬೇಕು... ಅದಕ್ಕೆ ಇದನ್ನೇ ಆರಿಸಿದೆ."

ಕೇಳಿದಿರಾ? ಸರಿಯಾದ ಆಯ್ಕೆ! ಸೇನೆಯಲ್ಲಿ ನನ್ನ ಕೈಕೆಳಗಿದ್ದ ಹುಡುಗರಿಗೂ ಇಷ್ಟು ತಿಳಿದಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ತಲೆ ಓಡಿಸಿದವನು, ಫೋನು ಮಾಡುವವನು ಯಾರು ಅಂತ ಒಂದು ನಿಮಿಷ ತಲೆ ಓಡಿಸಬಾರದಿತ್ತೇ?

"ಪಿಸ್ತೂಲು ತಗೊಂಡ ಮೇಲೆ ಫೋನು ಬಂತಾ?"

"ಇಲ್ಲ ಸರ್. ನಿಂತೇ ಹೋಯ್ತು. ಇದು ಇರೂದು ಗೊತ್ತಾಗಿ ಹೆದರಿದ್ರು ಅಂದ್ಕೊಂಡೆ."

"ಕತ್ತೆ! ಇದು ನಿನ್ನ ಹತ್ರ ಇರೂದು ಗೊತ್ತಿದ್ದದ್ದು ಮಾರಿದವನಿಗೆ ಮಾತ್ರ!"

ಅವನಿಗೆ ನಿಧಾನವಾಗಿ ಅರ್ಥವಾಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಉಳಿದದ್ದು ಸುಲಭ. ಆರಿಸುವಾಗ ಮ್ಯಾಕ್ಸಿಮ್ ಮೊಬೈಲು ಹಿಡಿದಿದ್ದ. "ಸೊಂಟಕ್ಕೆ ಹೇಗೆ ಕೂರ್ತದೆ ನೋಡುವಾ, ತಿರುಗು ಭಾಯಿ" ಅಂದಿದ್ದ. ಇವನು ತಿರುಗಿದ್ದ! ಎರಡು ನಿಮಿಷದ ವೀಡಿಯೊ. ಮುಖ, ಪಿಸ್ತೂಲು, ಎರಡೂ ಸ್ಪಷ್ಟ. ಹೋದ ವಾರ ಆ ವೀಡಿಯೊ ಇವನ ಫೋನಿಗೆ ಬಂತು. ಜೊತೆಗೆ ಒಂದು ಸಾಲು. ಭಾನುವಾರ ಬೆಳಿಗ್ಗೆ ಒಂದು ಪೆಟ್ಟಿಗೆ ತರುತ್ತೇನೆ, ಒಡೆದು ನೋಡದೆ ನಿನ್ನ ಹೆಸರಿನಲ್ಲಿ ಮಂಗಳೂರಿಗೆ ಕಳಿಸಬೇಕು.

"ಭಾನುವಾರಕ್ಕೆ ಇನ್ನು ಎರಡು ದಿನ," ಎಂದ ನಿಝಾಮ್. "ಕಳಿಸಿದ್ರೂ ಹೋದೆ, ಕಳಿಸದಿದ್ರೂ ಹೋದೆ. ಇದನ್ನು ಸಮುದ್ರಕ್ಕೆ ಬಿಸಾಡುವಾ ಸರ್?"

"ವೀಡಿಯೊವನ್ನು ಯಾವ ಸಮುದ್ರಕ್ಕೆ ಬಿಸಾಡ್ತೀಯಾ?"

ಶನಿವಾರ ಎವ್ಲಿನ್‌ಗೆ ಫೋನು ಮಾಡಿದೆ. ಬಂಟ್ವಾಳದವಳು. ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಬಹರೈನಿ ವಕೀಲೆಯೊಬ್ಬರ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಕ್ಲರ್ಕು. ಎಲ್ಲ ಕೇಳಿಸಿಕೊಂಡು ಅರ್ಧ ಗಂಟೆ ಬಿಟ್ಟು ವಾಪಸ್ ಮಾಡಿದಳು.

"ಮೇಡಂ ಹೇಳಿದ್ರು, ಅವನೇ ಮೊದಲು ಹೋಗಿ ಹೇಳ್ಬೇಕು. ಮ್ಯಾಕ್ಸಿಮ್ ಹೇಳುವ ಮೊದಲು. ನಾಳೆ ಒಂಬತ್ತೂವರೆಗೆ ಇಲ್ಲಿಗೆ ಕರ್ಕೊಂಡು ಬನ್ನಿ, ಮೇಡಂ ಜೊತೆಗೇ ಶುರ್ತಾ ಹತ್ರ ಹೋಗ್ತಾರೆ. ಪಿಸ್ತೂಲು ಮುಟ್ಬೇಡಿ. ಇದ್ದಲ್ಲೇ ಬೀಗ ಹಾಕಿ ಬಿಡಿ."

"ಜೈಲು ತಪ್ಪುತ್ತದಾ?"

"ತಪ್ಪೂದಿಲ್ಲ. ಕಮ್ಮಿ ಆಗ್ತದೆ."

ಶುರ್ತಾ ಅಂದರೆ ಇಲ್ಲಿನ ಪೊಲೀಸ್. ಆ ಪದ ಕೇಳಿದ ಕೂಡಲೇ ನಿಝಾಮ್‌ಗೆ ಬೆವರು ಬಂತು. ರಾತ್ರಿಯೆಲ್ಲ ಹೆಂಡತಿಯ ಎದುರು ಕುಳಿತು ಹೇಳಿಕೊಂಡನಂತೆ. ಬೆಳಿಗ್ಗೆ ಎಂಟೂವರೆಗೆ ಅಂಗಡಿಯ ಹತ್ತಿರ ಬಂದಾಗ ಕಣ್ಣು ಕೆಂಪಗಿತ್ತು, ಆದರೆ ಕಾಲು ನೆಟ್ಟಗಿತ್ತು. ಪಿಸ್ತೂಲು ಇದ್ದ ಗೋದಾಮಿನ ಬೀರುವಿಗೆ ಬೀಗ ಹಾಕಿದೆವು. ಶಟರ್ ಎಳೆಯುವಷ್ಟರಲ್ಲಿ ಬಿಳಿ ವ್ಯಾನು ಬಂದು ನಿಂತಿತು.

ಮ್ಯಾಕ್ಸಿಮ್!

ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಹಲ್ಲು ತುಂಬ ನಗು. ಪೆಟ್ಟಿಗೆಯನ್ನು ಶಟರಿನ ಒಳಗೆ ತಳ್ಳಿದ. ಆಮೇಲೆ ನನ್ನನ್ನು ನೋಡಿದ.

"ಎಲ್ಲಿಗೆ ಸವಾರಿ ಭಾಯಿ? ಇವರು ಯಾರು?"

ನಿಝಾಮ್ ನನ್ನ ಕಡೆ ನೋಡಿದ. ಆ ಒಂದು ನೋಟದಲ್ಲಿ ಎಲ್ಲ ಗೊತ್ತಾಗಿಹೋಯಿತು ಮ್ಯಾಕ್ಸಿಮ್‌ಗೆ. ನಗು ಮಾಯವಾಯಿತು.

"ಕಾರು ಹತ್ತು!" ಎಂದು ಕಿರುಚಿದೆ.

ಹತ್ತಿದೆವು. ಗಲ್ಲಿಯಲ್ಲಿ ಒಂದು ಕೈಗಾಡಿಗೆ ಉಜ್ಜಿಕೊಂಡೇ ಹೊರಟೆ. ಹಿಂದೆ ವ್ಯಾನು. ದೊಡ್ಡ ರಸ್ತೆಗೆ ಬಂದರೆ ಭಾನುವಾರದ ಟ್ರಾಫಿಕ್! ವಾರದ ಮೊದಲ ದಿನ, ಇಡೀ ಮನಾಮಾ ಆಫೀಸಿಗೆ ಹೊರಟಿದೆ. ಸಿಗ್ನಲಿನಲ್ಲಿ ವ್ಯಾನು ಹಿಂದಿನಿಂದ ಗುದ್ದಿತು. ಡಿಕ್ಕಿಯ ಬಾಗಿಲು ಮೇಲೆದ್ದಿತು.

"ಇಳಿ! ಓಡು!"

ಕಾರನ್ನು ನಡುರಸ್ತೆಯಲ್ಲೇ ಬಿಟ್ಟೆ. ಆಗಸ್ಟ್ ತಿಂಗಳು, ಒಂಬತ್ತು ಗಂಟೆಗೇ ಗಾಳಿ ಇಡ್ಲಿ ಪಾತ್ರೆಯ ಹಬೆಯ ಹಾಗಿತ್ತು. ಐವತ್ಮೂರು ವರ್ಷದ ನನ್ನ ಎದೆ ಒಡೆದುಹೋಗುತ್ತದೇನೋ ಅನ್ನಿಸಿತು. ಹಿಂದೆ ಬೂಟಿನ ಸದ್ದು. ಹಾರ್ನಿನ ಗದ್ದಲದ ಮಧ್ಯೆ ಅವನ ದನಿ.

"ನಿಝಾಮ್! ವೀಡಿಯೊ ಕಳಿಸ್ತೇನೆ! ಈಗ್ಲೇ ಕಳಿಸ್ತೇನೆ!"

ನಿಝಾಮ್ ತಡವರಿಸಿದ. ನಾನು ಅವನ ಕಾಲರ್ ಹಿಡಿದು ಎಳೆದುಕೊಂಡು ಹೋದೆ.

ಕೊನೆಗೂ ಆ ಗಾಜಿನ ಕಟ್ಟಡ. ಮೇಲೆ ಬ್ಯಾಂಕು, ಒಂದು ರಾಯಭಾರ ಕಚೇರಿ, ನಡುವೆ ಎವ್ಲಿನಳ ಆಫೀಸು. ಒಳಗೆ ಕಾಲಿಟ್ಟ ಕೂಡಲೇ ಲೋಹ ಪತ್ತೆ ಮಾಡುವ ಗೇಟು, ಪಕ್ಕದಲ್ಲಿ ಬಹರೈನಿ ಗಾರ್ಡು. ಬೆಲ್ಟು, ಕೀ, ಮೊಬೈಲು ಟ್ರೇಯಲ್ಲಿ ಹಾಕಿದೆವು. ಒಬ್ಬರ ಹಿಂದೆ ಒಬ್ಬರು ದಾಟಿದೆವು. ಗೇಟು ಸುಮ್ಮನಿತ್ತು.

ಮ್ಯಾಕ್ಸಿಮ್ ಗಾಜಿನ ಬಾಗಿಲು ತಳ್ಳಿಕೊಂಡು ಬಂದು ಗೇಟಿನ ಆಚೆ ನಿಂತ. ಏದುಸಿರು ಬಿಡುತ್ತಿದ್ದ. ಮೊಬೈಲು ಎತ್ತಿ ತೋರಿಸಿದ.

"ಹೊರಗೆ ಬಾ ನಿಝಾಮ್. ಒಂದು ಬಟನ್ ಅಷ್ಟೇ."

"ಒತ್ತು," ಎಂದೆ ಕೊಂಕಣಿಯಲ್ಲಿ. "ನಾವೂ ಅದನ್ನೇ ಹೇಳ್ಲಿಕ್ಕೆ ಹೊರಟದ್ದು."

ಅವನ ಬೆರಳು ನಿಂತಿತು. ವೀಡಿಯೊದ ಬೆಲೆ ಆ ಕ್ಷಣಕ್ಕೆ ಮುಗಿದುಹೋಗಿತ್ತು, ಅವನಿಗೂ ಗೊತ್ತಾಯಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಓಡಿಹೋಗುವ ಲೆಕ್ಕಾಚಾರ!

ಹೆಜ್ಜೆ ಇಟ್ಟಾಗ ನಾನು ಅವನ ಕಾಲು ನೋಡಿದೆ. ಬಲಗಾಲಿನ ಪ್ಯಾಂಟು ಎಡಗಾಲಿನ ಹಾಗೆ ಬೀಳುತ್ತಿರಲಿಲ್ಲ. ಪಾದದ ಗಂಟಿನ ಮೇಲೆ ಒಳಗಡೆಗೆ ಒಂದು ಸಣ್ಣ ತಡೆ. ಅಂಥ ಕಾಲುಗಳನ್ನು ನಾನು ಕಾಶ್ಮೀರದಲ್ಲಿ ಎಷ್ಟೋ ನೋಡಿದ್ದೇನೆ. ಅವನೂ ಒಂದು ಸಣ್ಣದನ್ನು ದಿನಾ ಜೊತೆಗಿಟ್ಟುಕೊಳ್ಳುವವನು!

ಈಗ ಅವನು ಹೊರಗೆ ಹೋಗಬಾರದು. ಒಳಗೆ ಬರಬೇಕು. ಸಿಟ್ಟಿನಲ್ಲಿ ಮೈಮೇಲೆ ಏನಿದೆಯೆಂಬುದನ್ನೇ ಮನುಷ್ಯ ಮರೆಯುತ್ತಾನೆ. ಸಿಟ್ಟಿನ ವಿಷಯ ನನಗೆ ಚೆನ್ನಾಗಿ ಗೊತ್ತು.

"ಥೂ! ಮಂಗಳೂರಿನವನಾ ನೀನು? ಸಣ್ಣ ಹುಡುಗಿಯ ಬ್ಯಾಗಿನ ಬಣ್ಣ ಹೇಳಿ ಹೆದರಿಸಿದ ಗಂಡಸು! ನಿನ್ನ ಅಮ್ಮನಿಗೆ ಫೋನು ಮಾಡಿ ಹೇಳ್ಲಾ? ಇಗರ್ಜಿಯಲ್ಲಿ ಮುಂದಿನ ಸಾಲಲ್ಲಿ ಕೂರ್ತಾರಲ್ಲ ಅವರು? ಮಗನ ಕಸುಬು ಇದು ಅಂತ ಪಾದ್ರಿಗಳ ಹತ್ರಾನೇ ಹೇಳಿಸ್ತೇನೆ!"

ಅವನ ಅಮ್ಮ ಎಲ್ಲಿ ಕೂರುತ್ತಾರೋ ನನಗೇನು ಗೊತ್ತು! ಬಾಯಿಗೆ ಬಂದದ್ದು ಅಂದೆ. ಆದರೆ ಸರಿಯಾದ ಜಾಗಕ್ಕೇ ತಾಗಿತು.

"ನಿನ್ನನ್ನು ಇವತ್ತು ಬಿಡೂದಿಲ್ಲ!" ಎಂದು ನುಗ್ಗಿದ.

ಗೇಟು ಕೂಗಿಕೊಂಡಿತು. ಮೇಲಿನ ದೀಪ ಕೆಂಪಾಯಿತು.

"ಇರ್ಜಾ! ಬ್ಯಾಕ್!" ಎಂದ ಗಾರ್ಡು, ಅಡ್ಡ ನಿಂತು.

"ಹಬೀಬಿ, ಬೆಲ್ಟು... ಬೆಲ್ಟು ಅಷ್ಟೇ!" ಬೆಲ್ಟು ಕಿತ್ತು ಎಸೆದ. ವಾಚು ಎಸೆದ. ಕಣ್ಣು ನನ್ನ ಮೇಲೇ ಇತ್ತು. ಮತ್ತೆ ನುಗ್ಗಿದ. ಗೇಟು ಮತ್ತೆ ಕೂಗಿತು.

ಗಾರ್ಡು ಕೈಯ ಯಂತ್ರ ತೆಗೆದುಕೊಂಡ. ಎದೆ, ಸೊಂಟ, ತೊಡೆ... ಯಂತ್ರ ಸುಮ್ಮನಿತ್ತು. ಇನ್ನೂ ಕೆಳಗೆ ಇಳಿಯಿತು. ಆಗ ನೆನಪಾಯಿತು ಅವನಿಗೆ! ಮುಖದ ಬಣ್ಣ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ತಿರುಗಿ ಓಡಲು ನೋಡಿದ. ಅಷ್ಟರಲ್ಲಿ ಇನ್ನಿಬ್ಬರು ಗಾರ್ಡುಗಳು ಮೇಲೆ ಬಿದ್ದಿದ್ದರು. ಪ್ಯಾಂಟು ಎತ್ತಿದಾಗ ಪಾದದ ಗಂಟಿನ ಮೇಲೆ ಪುಟ್ಟ ಪಿಸ್ತೂಲು ಕಟ್ಟಿತ್ತು.

ಅಂಗಡಿಯಲ್ಲಿ ಬಿಟ್ಟುಬಂದ ಪೆಟ್ಟಿಗೆಯನ್ನು ಮಧ್ಯಾಹ್ನ ಪೊಲೀಸರು ಒಡೆದರು. ಹಾಲಿನ ಪುಡಿಯ ಡಬ್ಬಿಗಳಲ್ಲಿ ಬಿಚ್ಚಿಟ್ಟ ಆರು ಪಿಸ್ತೂಲುಗಳು. ಕಳಿಸುವವನ ಹೆಸರು ನಿಝಾಮುದ್ದೀನ್ ಅಂತ ಮೊದಲೇ ಬರೆದಿತ್ತು. ಒಂದು ದಿನ ತಡವಾಗಿದ್ದರೆ ಆ ಹೆಸರಿಗೆ ಎರಡು ದೇಶದಲ್ಲಿ ಕೇಸು ಬೀಳುತ್ತಿತ್ತು.

ನಾನು ಪೊಲೀಸರಿಗೆ ಎಲ್ಲ ಹೇಳಿದೆ. ಬೀಗ ಹಾಕಿಟ್ಟ ಪಿಸ್ತೂಲು, ಅದರ ಪಿನ್ನು, ಅದರ ಮೇಲಿದ್ದ ನನ್ನ ಬೆರಳಿನ ಗುರುತು, ಎಲ್ಲ. ಒಂದನ್ನು ಬಿಟ್ಟು. ಗೋದಾಮಿನಲ್ಲಿ ಅವನು ಟ್ರಿಗರ್ ಎಳೆದದ್ದನ್ನು ಹೇಳಲಿಲ್ಲ. ಅದನ್ನು ಹೇಳಿದರೆ ಕಾನೂನಿನಲ್ಲಿ ಅದರ ಹೆಸರೇ ಬೇರೆ. ಈಗಲೂ ನೆನಪಾದರೆ ಅವನಿಗೆ ಇನ್ನೊಂದು ಬಾರಿಸಬೇಕು ಅನ್ನಿಸುತ್ತದೆ... ಆದರೆ ಏಳು ವರ್ಷದ ಹುಡುಗಿಯ ಅಪ್ಪನನ್ನು ಹತ್ತು ವರ್ಷ ಒಳಗೆ ಕೂಡಿಸುವಷ್ಟಲ್ಲ.

ನಿಝಾಮನಿಗೆ ಆರು ತಿಂಗಳು ಜೈಲಾಯಿತು. ಅದು ಮುಗಿದ ಕೂಡಲೇ ವಿಮಾನ ಹತ್ತಿಸಿ ಊರಿಗೆ. ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ.

ತೀರ್ಪಾದ ದಿನ ಮುಹ್ಸಿನಾ ಲಾಂಡ್ರಿಯ ಮೆಟ್ಟಿಲು ಹತ್ತಿ ಬಂದಳು. ಆವತ್ತೂ ಕುಳಿತುಕೊಳ್ಳಲಿಲ್ಲ. ನನಗಿಂತ ಹೆಚ್ಚು ಸಿಟ್ಟು ಅವಳಿಗಿತ್ತು.

"ಅಂಗಡಿ ಹೋಯ್ತು. ವೀಸಾ ಹೋಯ್ತು. ಗಂಡ ಜೈಲಲ್ಲಿ. ಅವರನ್ನು ಕಾಪಾಡಿದೆ ಅಂತ ಹೇಳ್ತೀರಲ್ಲ ಸರ್, ಎಂತ ಕಾಪಾಡಿದ್ದು ನೀವು?"

"ಕಾಪಾಡಿದ್ದೇ ಅಮ್ಮ," ಎಂದೆ. "ಆ ಜೈಲಿನ ಬಾಗಿಲಲ್ಲಿ ಒಳಗೆ ಹೋಗುವ ಪ್ರತಿಯೊಬ್ಬನ ಸೊಂಟ ತಡವಿ ನೋಡ್ತಾರೆ. ಈ ಊರಲ್ಲಿ ನಿಮ್ಮ ಗಂಡನಿಗೆ ಅದಕ್ಕಿಂತ ಸೇಫ್ ಜಾಗ ಬೇರೆ ಇಲ್ಲ!"